ಪ್ಲಗಿನ್ ದುರಸ್ತಿಯ ಮಿತಿ: ಶಾಲಾ ಲಿನಕ್ಸ್ ಕಂಪ್ಯೂಟರುಗಳ ಸಂದರ್ಭದಲ್ಲಿ

ಕರ್ನಾಟಕದ ಸರ್ಕಾರಿ ಪ್ರೌಢಶಾಲೆಗಳಿಗೆ ಟಾಲ್ಪ್ ಎಂಬ ತಂತ್ರಜ್ಞಾನ ನೆರವಿನ ಕಲಿಕಾ ಕಾರ್ಯಕ್ರಮದ ಮೂಲಕವೂ ಅದಕ್ಕೆ ಮುಂಚಿನ ವಿಷಯ ಶಿಕ್ಷಕರ ವೇದಿಕೆಯ ತರಬೇತಿಗಳ ಮೂಲಕವೂ ಉಬುಂಟು ಪರಿಚಯವಾಯಿತು. ಉಬುಂಟು ಎಂದರೆ ಲಿನಕ್ಸ್ ಆಧರಿಸಿದ, ಪರವಾನಗಿ ಶುಲ್ಕವಿಲ್ಲದ ಕಾರ್ಯಾಚರಣಾ ವ್ಯವಸ್ಥೆ. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ ಮತ್ತು ಎಚ್.ಡಿ. ಕೋಟೆಯಂತಹ ತಾಲ್ಲೂಕುಗಳ ಶಾಲೆಗಳ ಮಟ್ಟಿಗೆ ಈ ಆಯ್ಕೆ ಸರಿಯಾದದ್ದೇ. ಆದರೆ ಆ ಕಾಲದ ಗಣಿತ, ವಿಜ್ಞಾನದ ಬಹುಪಾಲು ಚಲನಪಾಠಗಳು ಫ್ಲ್ಯಾಶ್ ಅಥವಾ ಜಾವಾ ಎಂಬ ತಂತ್ರಜ್ಞಾನಗಳಲ್ಲಿ ರಚಿತವಾಗಿದ್ದು, ಬ್ರೌಸರಿಗೆ ಹೊರಗಿನಿಂದ ಸೇರಿಸುವ ಪ್ಲಗಿನ್ ಎಂಬ ತುಣುಕು ತಂತ್ರಾಂಶವಿಲ್ಲದೆ ತೆರೆಯುತ್ತಿರಲಿಲ್ಲ. ಆ ಪ್ಲಗಿನ್‌ಗಳಿಗೆ ಬೆಂಬಲ ನಿಂತ ಮೇಲೂ ಅವನ್ನು ಹೇಗಾದರೂ ಓಡಿಸಬೇಕೆಂಬ ಹಟವೇ ಒಂದು ದುರಸ್ತಿ ಪದ್ಧತಿಯಾಗಿ ಬೆಳೆಯಿತು. ಅದರ ಬೆಲೆ ಎಷ್ಟು ಎಂಬುದು ಇಲ್ಲಿಯ ಪ್ರಶ್ನೆ.

ಲಿನಕ್ಸ್ ಬಳಕೆದಾರರಿಗೆ ಈ ಸಂಕಟ ಉಳಿದವರಿಗಿಂತ ಮೊದಲೇ ಬಂತು. ನೆಟ್‌ಸ್ಕೇಪ್ ಕಂಪನಿ 1995ರಲ್ಲಿ ರೂಪಿಸಿದ ಎನ್‌ಪಿಎಪಿಐ ಎಂಬ, ಪ್ಲಗಿನ್‌ಗಳನ್ನು ಬ್ರೌಸರಿಗೆ ಬೆಸೆಯುವ ಜೋಡಣಾ ವಿಧಾನವನ್ನು ಕ್ರೋಮ್ ಬ್ರೌಸರು ವಿಂಡೋಸ್‌ನಲ್ಲಿ 2015ರ ಸೆಪ್ಟೆಂಬರಿನಲ್ಲಿ ಪೂರ್ತಿ ಕೈಬಿಟ್ಟರೆ, ಲಿನಕ್ಸ್‌ನಲ್ಲಿ 2014ರಲ್ಲೇ ಕೈಬಿಟ್ಟಿತ್ತು. ಫ್ಲ್ಯಾಶ್‌ನ ಒಡೆಯನಾದ ಅಡೋಬಿ ಕಂಪನಿಯಂತೂ 2012ರಲ್ಲಿ ಫ್ಲ್ಯಾಶ್‌ನ 11.2ನೆಯ ಆವೃತ್ತಿಯೇ ಲಿನಕ್ಸ್‌ನ ಫೈರ್‌ಫಾಕ್ಸ್ ಬ್ರೌಸರಿಗೆ ಕೊನೆಯದೆಂದು ಘೋಷಿಸಿ, 2016ರಲ್ಲಿ ಮನಸ್ಸು ಬದಲಿಸಿ, ಮರುವರ್ಷವೇ ಫ್ಲ್ಯಾಶ್‌ಗೆ ಅಂತ್ಯದ ದಿನವನ್ನು ಗೊತ್ತುಪಡಿಸಿತು. 2012ರಿಂದ 2016ರವರೆಗಿನ ವರ್ಷಗಳಲ್ಲಿ ಹೊಸ ಆವೃತ್ತಿಯನ್ನು ಹಾಕಿಕೊಳ್ಳಿರೆಂದು ಪರದೆಯ ಮೇಲೆ ಸೂಚನೆ ಬರುತ್ತಿತ್ತು, ಆದರೆ ಅಲ್ಲಿ ಹಾಕಿಕೊಳ್ಳಲು 11.2ಕ್ಕಿಂತ ಹೊಸ ಆವೃತ್ತಿಯೇ ಇರಲಿಲ್ಲ. ಸೂಚನೆಯನ್ನು ನಂಬಿ ಮತ್ತೆ ಮತ್ತೆ ಡೌನ್‌ಲೋಡ್ ಮಾಡಿದವರ ಶ್ರಮ ವ್ಯರ್ಥವಾದದ್ದು ಅವರ ಅಜ್ಞಾನದಿಂದಲ್ಲ.

ದುರಸ್ತಿಯ ಮೊದಲ ದಾರಿ ಶುದ್ಧ ಕಸುಬುದಾರಿಕೆಯದು. ಪ್ಲಗಿನ್‌ನ ಕಡತವನ್ನು ಬ್ರೌಸರು ಹುಡುಕುವ ಕೋಶದಲ್ಲಿ ಇಡುವುದು, 64 ಬಿಟ್‌ನ ಬ್ರೌಸರಿಗೆ 32 ಬಿಟ್‌ನ ಕಡತ ಹಾಕಿದ್ದರೆ ಬದಲಿಸುವುದು, ಬ್ರೌಸರು ಅದನ್ನು ಗುರುತಿಸಿತೇ ಎಂದು ಅದರ ಪ್ಲಗಿನ್ ಪಟ್ಟಿಯಲ್ಲಿ ನೋಡುವುದು ಇದರಲ್ಲಿ ಸೇರಿದ್ದವು. ಈ ಕ್ರಮಕ್ಕೆ ತರ್ಕವಿತ್ತು, ಫಲವೂ ಇತ್ತು. ಆದರೆ 2017ರ ಮಾರ್ಚಿನಲ್ಲಿ ಬಂದ ಫೈರ್‌ಫಾಕ್ಸ್ 52 ಫ್ಲ್ಯಾಶ್ ಒಂದನ್ನುಳಿದು ಮಿಕ್ಕೆಲ್ಲ ಪ್ಲಗಿನ್‌ಗಳಿಗೂ, 2021ರ ಜನವರಿಯಲ್ಲಿ ಬಂದ 85ನೆಯ ಆವೃತ್ತಿ ಫ್ಲ್ಯಾಶ್‌ಗೂ ಬಾಗಿಲು ಮುಚ್ಚಿದ ಮೇಲೆ, ಕಡತ ಸರಿಯಾದ ಜಾಗದಲ್ಲಿದ್ದರೂ ಅದನ್ನು ಓದುವವರೇ ಇಲ್ಲವಾದರು. ಇಂದಿಗೂ ಟರ್ಮಿನಲ್ ಎಂಬ ಆದೇಶ ಬರೆಯುವ ಕಿಟಕಿಯಲ್ಲಿ ಕಡತ ಇಡುವ ಆ ಹಳೆಯ ಆದೇಶಗಳನ್ನೇ ಬರೆದು ಬರೆದು ದಣಿಯುವುದು ನಿಷ್ಫಲ.

ಎರಡನೆಯ ದಾರಿ ಹಳೆಯ ಬ್ರೌಸರನ್ನೇ ಉಳಿಸಿಕೊಂಡು ಅದರ ಪರಿಷ್ಕರಣೆಯನ್ನು ನಿಲ್ಲಿಸುವುದು. ಭದ್ರತಾ ತಜ್ಞರು ಇದನ್ನು ಸಾರಾಸಗಟಾಗಿ ಖಂಡಿಸುತ್ತಾರೆ; ಇಂಟರ್‌ನೆಟ್ ಇರುವ ಕಂಪ್ಯೂಟರಿನ ವಿಷಯದಲ್ಲಿ ಆ ಖಂಡನೆ ನ್ಯಾಯವೇ. ಆದರೆ ಆ ಸಲಹೆಯ ಹಿಂದೆ ಸದಾ ನೆಟ್ ಇರುವ ಊರಿನ ಕಲ್ಪನೆಯಿದೆ. ನಾಗರಹೊಳೆ, ಬಂಡೀಪುರದ ಕಾಡಂಚಿನ ಎಚ್.ಡಿ. ಕೋಟೆಯ ಹಳ್ಳಿಯಲ್ಲಿ, ಯಾವ ಜಾಲಕ್ಕೂ ಸೇರದೆ ಪಾಠ ತೋರಿಸುವುದಕ್ಕಷ್ಟೇ ಮೀಸಲಾದ ಒಂದು ಕಂಪ್ಯೂಟರಿದ್ದರೆ, ಅದರಲ್ಲಿ ಹಳೆಯ ಬ್ರೌಸರು ಇರುವುದರಿಂದಾಗುವ ಅಪಾಯ ಅಲ್ಪ. ಆದರೆ ಹಳೆಯ ಬ್ರೌಸರು ಇದ್ದರೂ ಒಂದು ತೊಡಕಿದೆ: ಫ್ಲ್ಯಾಶ್‌ನ ಕೊನೆಯ ಆವೃತ್ತಿಗಳು 2021ರ ಜನವರಿ 12ರ ನಂತರ ತಾವಾಗಿಯೇ ಕೆಲಸ ನಿಲ್ಲಿಸುವಂತೆ ರಚಿತವಾಗಿದ್ದವು. ಅವು ನಂಬುವುದು ಕಂಪ್ಯೂಟರಿನ ಗಡಿಯಾರವನ್ನು. ಹೀಗಾಗಿ ಒಳಗಿನ ಬ್ಯಾಟರಿ ಸತ್ತು ದಿನಾಂಕ ಹಿಂದಕ್ಕೆ ಹೋದ ಯಂತ್ರದಲ್ಲಿ ಪಾಠ ಸರಾಗವಾಗಿ ಓಡುವ ವಿನೋದವೂ ಸಾಧ್ಯ.

ಮೂರನೆಯ ದಾರಿಯೂ ಇತ್ತು: ವೈನ್ ಎಂಬ ತಂತ್ರಾಂಶದ ಮೂಲಕ ವಿಂಡೋಸ್‌ನ ಪ್ಲಗಿನ್‌ಗಳನ್ನು ಲಿನಕ್ಸ್‌ನಲ್ಲಿ ಓಡಿಸುತ್ತಿದ್ದ ಪೈಪ್‌ಲೈಟ್‌ನಂತಹ ಪ್ರಯತ್ನಗಳು ಜಾಣ್ಮೆಯವು, ಅಲ್ಪಾಯುಷಿಗಳೂ ಹೌದು.

ನಿಜವಾದ ಬೆಳವಣಿಗೆ ಬೇರೆಡೆ ನಡೆಯಿತು. ಬಹುಪಾಲು ಪ್ಲಗಿನ್‌ಗಳನ್ನು ಹೊರಹಾಕಿದ ಅದೇ 52ನೆಯ ಆವೃತ್ತಿಯಲ್ಲಿ ಫೈರ್‌ಫಾಕ್ಸ್ ವೆಬ್‌ಅಸೆಂಬ್ಲಿಯನ್ನು ಒಳಗೆ ಕರೆದುಕೊಂಡಿತು; ಬೇರೆ ಭಾಷೆಗಳಲ್ಲಿ ಬರೆದ ತಂತ್ರಾಂಶವನ್ನು ಪ್ಲಗಿನ್ ಇಲ್ಲದೆಯೇ ಬ್ರೌಸರಿನೊಳಗೆ ವೇಗವಾಗಿ ಓಡಿಸುವ ವ್ಯವಸ್ಥೆ ಅದು. ರಫಲ್ ಎಂಬ ಮುಕ್ತ ತಂತ್ರಾಂಶ ಇದನ್ನೇ ಬಳಸಿ ಫ್ಲ್ಯಾಶ್ ಕಡತಗಳನ್ನು ತೆರೆಯುತ್ತದೆ. ಲಿನಕ್ಸ್‌ನಲ್ಲಿ ಬ್ರೌಸರಿನ ಹಂಗಿಲ್ಲದೆ ಸ್ವತಂತ್ರವಾಗಿಯೂ ಓಡುತ್ತದೆ. ಹಳೆಯ ಸರಳ ಪಾಠಗಳು ಇದರಲ್ಲಿ ಚೆನ್ನಾಗಿ ತೆರೆದರೂ, ಫ್ಲ್ಯಾಶ್‌ನ ಭಾಷೆಯಾದ ಆಕ್ಷನ್‌ಸ್ಕ್ರಿಪ್ಟ್ 3ರಲ್ಲಿ ಬರೆದ ಕೆಲವು ಸಂಕೀರ್ಣ ಪಾಠಗಳು ನಡುವೆ ಕೈಕೊಡುತ್ತವೆ. ಜಾವಾ ಪಾಠಗಳಿಗೆ ಇಷ್ಟು ಸುತ್ತುದಾರಿಯೂ ಬೇಡ. ಪಾಠ ಜಾರ್ ಎಂಬ ಜಾವಾ ಕಡತವಾಗಿ ದೊರಕಿದ್ದರೆ, ಯಂತ್ರದಲ್ಲಿ ಜಾವಾ ಇದ್ದರೆ, ಬ್ರೌಸರನ್ನು ಬದಿಗಿಟ್ಟು ನೇರವಾಗಿ ತೆರೆಯಬಹುದು. ಗಣಿತ ಕಲಿಕೆಯ ಜಿಯೋಜೀಬ್ರಾ ಉಬುಂಟುವಿನಲ್ಲಿ ಸ್ವತಂತ್ರ ತಂತ್ರಾಂಶವಾಗಿಯೇ ಸಿಗುತ್ತದೆ.

ಪ್ಲಗಿನ್ ದುರಸ್ತಿ ಪದ್ಧತಿಯ ಮೂಲದೋಷ ರೋಗಿಯನ್ನು ತಪ್ಪಾಗಿ ಗುರುತಿಸಿದ್ದರಲ್ಲಿದೆ. ಶಾಲೆಗೆ ಬೇಕಾದದ್ದು ಪಾಠ; ಆದರೆ ಚಿಕಿತ್ಸೆಯೆಲ್ಲ ಪ್ಲಗಿನ್‌ಗೆ ನಡೆಯಿತು. ಭೌತವಿಜ್ಞಾನಿ ಕಾರ್ಲ್ ವೀಮನ್ 2002ರಲ್ಲಿ ಕೊಲರಾಡೊ ವಿಶ್ವವಿದ್ಯಾಲಯದಲ್ಲಿ ಆರಂಭಿಸಿದ ಫೆಟ್ ಯೋಜನೆ ಇದನ್ನು ಅರಿತು, ತನ್ನ ಜಾವಾ ಮತ್ತು ಫ್ಲ್ಯಾಶ್ ಪಾಠಗಳಲ್ಲಿ ಹಲವನ್ನು ಎಚ್‌ಟಿಎಂಎಲ್5ರಲ್ಲಿ, ಅಂದರೆ ಬ್ರೌಸರು ತಾನೇ ಓದಬಲ್ಲ ರೂಪದಲ್ಲಿ, ಹೊಸದಾಗಿ ಬರೆಯಿತು. ಆದ್ದರಿಂದ ನೆಟ್ ಇರುವ ಲ್ಯಾಬ್‌ನಲ್ಲಿ ಹಳೆಯ ಪ್ಲಗಿನ್ ತೆಗೆದುಹಾಕುವುದೇ ಸರಿ. ಬದಲಿ ಇಲ್ಲದ ಪಾಠಕ್ಕಾಗಿ ಮಾತ್ರ ನೆಟ್ ಇಲ್ಲದ ಒಂದು ಯಂತ್ರದಲ್ಲಿ ಅದನ್ನು ಉಳಿಸಿಕೊಳ್ಳಬಹುದು. ಫೆಟ್‌ನ ಹೊಸ ರೂಪದ ಪ್ರತಿ ಪಾಠವೂ ಒಂದೇ ಕಡತವಾಗಿ ಸಿಗುತ್ತದೆ, ಹಲವು ಕನ್ನಡದಲ್ಲೂ ಇವೆ. ಹುಣಸೂರಿನಲ್ಲಿ ಇಳಿಸಿಕೊಂಡು ಪೆನ್‌ಡ್ರೈವ್‌ನಲ್ಲಿ ಕಾಡಂಚಿನ ಶಾಲೆಗೆ ಒಯ್ದರೆ ಅಲ್ಲಿ ನೆಟ್ ಇಲ್ಲದೆಯೂ ತೆರೆಯುತ್ತದೆ.