ರೈಫಲ್ ಸಂಗ್ರಾಹಕರ ಮಡಿ

ಹಳೆಯ ಸೈನಿಕ ರೈಫಲ್‌ಗಳನ್ನು ಕೂಡಿಡುವವರಲ್ಲಿ ಒಂದು ಮಡಿ ಇದೆ. ರಿಪೇರಿ ಕಂಡ ಬಂದೂಕು ಅವರ ಪಾಲಿಗೆ ಮೈಲಿಗೆ. ಮರಕ್ಕೆ ಉಜ್ಜುಕಾಗದ ತಾಗಿದ್ದರೆ, ನಳಿಗೆಗೆ ಹೊಸದಾಗಿ ಕಪ್ಪು ಹಿಡಿಸಿದ್ದರೆ, ಬೋಲ್ಟಿನ ನಂಬರಿಗೂ ಮೈಮೇಲಿನ ನಂಬರಿಗೂ ತಾಳೆಯಾಗದಿದ್ದರೆ ಅದನ್ನು ಪಕ್ಕಕ್ಕೆ ಸರಿಸುತ್ತಾರೆ. ಸೈನ್ಯ ಮಾರಿಬಿಟ್ಟ ರೈಫಲ್‌ಗಳನ್ನು ಕಂಪನಿಗಳು ಕೊಂಡು, ಹೊಸದರಂತೆ ಮಾಡಿ ಮಾರುವುದು ಅಮೆರಿಕದಲ್ಲಿ ದೊಡ್ಡ ವ್ಯಾಪಾರ. ಅಲ್ಲಿ ನೆಲೆಸಿದ ಕನ್ನಡಿಗರಲ್ಲೂ ಈ ಹವ್ಯಾಸ ಇರುವವರಿದ್ದಾರೆ. ಇಂಥದ್ದನ್ನು ಕೊಳ್ಳಬಹುದೇ ಎಂದು ಅವರು ಕೇಳಿದರೆ ಬಲ್ಲವರು ಕೊಡುವ ಉತ್ತರ ಒಂದೇ: ಬೇಡ. ಈ ಉತ್ತರ ಅರ್ಧ ಮಾತ್ರ ಸರಿ ಎಂಬುದು ನನ್ನ ವಾದ. ತಪ್ಪಾದ ಅರ್ಧದಿಂದ ಆಗುತ್ತಿರುವ ನಷ್ಟವೂ ಸಣ್ಣದಲ್ಲ.

ಮಡಿವಂತರ ಪರವಾಗಿ ನಿಲ್ಲುವ ಅತ್ಯಂತ ಬಲವಾದ ಸಾಕ್ಷಿ ನಮ್ಮ ನೆಲದ್ದೇ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಈಸ್ಟ್ ಇಂಡಿಯಾ ಕಂಪನಿಯ ಮೇಜರ್ ಥಾಮಸ್ ಹಾರ್ಟ್ ಕೊಂಡೊಯ್ದ ಆಯುಧಗಳು ಇಂಗ್ಲೆಂಡಿನ ಒಂದು ಮನೆಯ ಅಟ್ಟದಲ್ಲಿ ಉಳಿದಿದ್ದವು. 2019ರ ಮಾರ್ಚಿನಲ್ಲಿ ಅವು ಹರಾಜಿಗೆ ಬಂದವು. ಅವುಗಳಲ್ಲಿ ಟಿಪ್ಪುವಿನ ಹುಲಿಪಟ್ಟೆ ಹೊತ್ತ, ಬೆಳ್ಳಿ ಕಟ್ಟಿನ ಒಂದು ಚಕಮಕಿ ಕೋವಿ ಇತ್ತು. ಅದರ ಹಿಂಬದಿಯ ಮರಕ್ಕೆ ಗುಂಡು ಬಡಿದು ಆದ ಪೆಟ್ಟು ಹಾಗೇ ಉಳಿದಿತ್ತು. ಇನ್ನೂರು ವರ್ಷದಲ್ಲಿ ಯಾರೂ ಅದನ್ನು ತುಂಬಿ, ತೀಡಿ, ಚೆಂದ ಮಾಡುವ ಗೋಜಿಗೆ ಹೋಗಿರಲಿಲ್ಲ. ಕೋವಿ ಯುದ್ಧಭೂಮಿಯಿಂದಲೇ ಎತ್ತಿಕೊಂಡದ್ದು ಎಂದು ಹೇಳುತ್ತಿದ್ದುದು ಆ ಪೆಟ್ಟೇ. 60,000 ಪೌಂಡಿಗೆ ಅದು ಮಾರಾಟವಾಯಿತು. ಒಬ್ಬ ಬಡಗಿ ಒಂದು ಮಧ್ಯಾಹ್ನ ಕೂತು ಆ ಗಾಯ ಮುಚ್ಚಿದ್ದರೆ ಶ್ರೀರಂಗಪಟ್ಟಣದ ಕೊನೆಯ ದಿನದ ಒಂದು ಸಾಕ್ಷಿ ಅಳಿಸಿಹೋಗುತ್ತಿತ್ತು. ಇಲ್ಲಿಯವರೆಗೆ ಮಡಿವಂತರ ಮಾತಿಗೆ ನನ್ನ ಪೂರ್ತಿ ಒಪ್ಪಿಗೆಯಿದೆ.

ಆದರೆ ಆ ಕೋವಿಗೆ ಹೇಳಿದ ನಿಯಮವನ್ನು ಈಶಾಪುರದ ರೈಫಲ್‌ಗೆ ಹೇಳಿದರೆ ವಾದ ಮುರಿಯುತ್ತದೆ. ಅರಸನಿಗಾಗಿ ಒಂದೊಂದಾಗಿ ಮಾಡಿದ ಕೋವಿ ಬೇರೆ, ಲಕ್ಷಗಟ್ಟಲೆ ತಯಾರಾದ ಲೀ-ಎನ್‌ಫೀಲ್ಡ್ ಬೇರೆ. ಬಂಗಾಳದ ಈಶಾಪುರ ಕಾರ್ಖಾನೆಯಲ್ಲೂ ತಯಾರಾದ ಈ .303 ರೈಫಲ್ ರಿಪೇರಿಯನ್ನು ಎದುರು ನೋಡಿಯೇ ಹುಟ್ಟಿದ್ದು. ಅದರ ನಂತರದ ನಂಬರ್ 4 ಮಾದರಿಯಲ್ಲಂತೂ ಬೋಲ್ಟಿನ ತಲೆಗಳನ್ನು ಬೇರೆಬೇರೆ ಅಳತೆಯಲ್ಲಿ ಮಾಡಿ ನಂಬರು ಹಾಕಿರುತ್ತಿದ್ದರು. ಸವೆದಷ್ಟಕ್ಕೆ ಸರಿಯಾದ ಮುಂದಿನ ನಂಬರಿನದನ್ನು ಹಾಕಿದರಾಯಿತು. ದಂಡಿನ ಆಯುಧ ರಿಪೇರಿಗಾರ (ಆರ್ಮರರ್) ಮರ ಬದಲಿಸುತ್ತಿದ್ದ, ನಳಿಗೆ ಬದಲಿಸುತ್ತಿದ್ದ. ಪೂರ್ತಿ ಬಿಚ್ಚಿ ದುರಸ್ತಿಯಾದ ರೈಫಲ್ ಮೇಲೆ ಬ್ರಿಟಿಷ್ ಕಾರ್ಖಾನೆಗಳು ‘ಎಫ್‌ಟಿಆರ್’ ಎಂಬ ಮುದ್ರೆಯನ್ನೂ ಇಸವಿಯನ್ನೂ ಒತ್ತುತ್ತಿದ್ದವು. ಈಶಾಪುರದಲ್ಲಿ ನಳಿಗೆಯ ಕೆಳಗಿನ ಮರ ಸೀಳದಿರಲೆಂದು ಅಡ್ಡಲಾಗಿ ಒಂದು ತಿರುಪು ಮೊಳೆ ಹೊಡೆದರು. ಆ ಮೊಳೆಯ ತಲೆ ನೋಡಿ ಮುಖ ಸಿಂಡರಿಸುವ ಸಂಗ್ರಾಹಕರಿದ್ದಾರೆ. ನನಗೆ ಅದು ಈ ದೇಶದಲ್ಲಿ ಆ ರೈಫಲ್ ಬಾಳಿದ ಬಾಳಿನ ಗುರುತು. ನಮ್ಮ ಸೆಖೆ, ಮಳೆ, ಮರದ ಗುಣ, ಕಡಿಮೆ ಖರ್ಚಿನಲ್ಲಿ ಇನ್ನಷ್ಟು ವರ್ಷ ದುಡಿಸಿಕೊಳ್ಳಬೇಕೆಂಬ ಸರ್ಕಾರದ ಲೆಕ್ಕ ಎಲ್ಲವೂ ಅದರಲ್ಲಿವೆ.

1962ರಲ್ಲಿ ಚೀನಾದ ಎದುರು ನಮ್ಮ ಸೈನಿಕರು ಹಿಡಿದು ನಿಂತದ್ದು ಇದೇ .303. ಆ ಯುದ್ಧದ ನಂತರ ಈಶಾಪುರ ಅದೇ ವಿನ್ಯಾಸವನ್ನು ಹೊಸ ಉಕ್ಕಿನಲ್ಲಿ ಮಾಡಿ 7.62 ಮಿ.ಮೀ. ತೋಟಾಕ್ಕೆ ಒಗ್ಗಿಸಿ 2ಎ ಎಂಬ ರೈಫಲ್ ತಂದಿತು. ಬೇರೆಬೇರೆ ಕಾಲದಲ್ಲಿ ಹಳೆಯ .303ಗಳಲ್ಲಿ ಕೆಲವನ್ನು ಕೊರೆದು .410 ಮಸ್ಕೆಟ್ ಮಾಡಿ ಕಾವಲಿಗೆ ಕೊಟ್ಟರು, ಕೆಲವು .22 ಆಗಿ ಎನ್‌ಸಿಸಿ ಹುಡುಗರ ಕೈಗೆ ಬಂದವು. ಉತ್ತರ ಪ್ರದೇಶದ ಪೊಲೀಸರು .303ಗೆ ವಿದಾಯ ಹೇಳಿದ್ದು 2020ರ ಗಣರಾಜ್ಯೋತ್ಸವದಂದು. ಇಷ್ಟು ಕೈ ದಾಟಿದ ವಸ್ತುವಿನಲ್ಲಿ ಕಾರ್ಖಾನೆಯಿಂದ ಹೊರಟ ದಿನದ ಸ್ಥಿತಿಯನ್ನೇ ಹುಡುಕುವವರು ಅದು ಕೆಲಸ ಮಾಡಿದ ದಶಕಗಳನ್ನೆಲ್ಲ ಬೇಡವೆನ್ನುತ್ತಿದ್ದಾರೆ. ಮುಟ್ಟದೆ ಉಳಿದ ರೈಫಲ್ ಎಂದರೆ ಬಹುಮಟ್ಟಿಗೆ ಉಗ್ರಾಣದಲ್ಲೇ ಕೂತ ರೈಫಲ್. ಅದೂ ಬೇಕು, ಆದರೆ ಅದೊಂದೇ ಅಸಲಿ ಎನ್ನುವುದು ನನಗೆ ಒಪ್ಪಿಗೆಯಿಲ್ಲ.

ಹಾಗಾದರೆ ಕಂಪನಿಗಳ ದುರಸ್ತಿ? ಇಲ್ಲಿ ನಾನು ಸೈನ್ಯದ ಕಾರ್ಖಾನೆಗೂ ಅಂಗಡಿಗೂ ಗೆರೆ ಎಳೆಯುತ್ತೇನೆ. ಸೈನ್ಯ ಮಾಡಿದ್ದು ಬಳಕೆಗಾಗಿ. ಅಂಗಡಿ ಮಾಡುವುದು ನೋಟಕ್ಕಾಗಿ. ಆದರೂ ಅಂಗಡಿಯ ಕೆಲಸವೆಲ್ಲ ಒಂದೇ ತರಹದ್ದಲ್ಲ. 2003ರಲ್ಲಿ ಕಾಠ್ಮಂಡುವಿನ ಲಗನ್ ಸಿಲೇಖಾನಾ ಎಂಬ ಹಳೆಯ ಅರಮನೆ-ಆಯುಧಾಗಾರದಲ್ಲಿ ತುಂಬಿದ್ದ ಸಾವಿರಾರು ಬಂದೂಕುಗಳನ್ನು ಅಮೆರಿಕದ ವ್ಯಾಪಾರಿಗಳು ಕೊಂಡರು. ಮಾರ್ಟಿನಿ-ಹೆನ್ರಿ, ಬ್ರನ್ಸ್‌ವಿಕ್, ನೇಪಾಳದಲ್ಲೇ ತಯಾರಾದ ಗಹೇಂದ್ರ, ಎಲ್ಲವೂ ಧೂಳು ಜಿಡ್ಡಿನಲ್ಲಿ ಹೂತಂತಿದ್ದವು. ಸಿಕ್ಕ ಹಾಗೇ ಬೇಕೆಂದವರಿಗೆ ಹಾಗೇ ಕೊಟ್ಟರು. ತೊಳೆದು, ಕೊರತೆಯ ಬಿಡಿಭಾಗ ತುಂಬಿಸಿದ್ದು ಬೇಕೆಂದವರಿಗೆ ಹೆಚ್ಚು ಬೆಲೆಗೆ ಅದನ್ನು ಕೊಟ್ಟರು. ಏನು ಮಾಡಿದ್ದೇವೆಂದು ಹೇಳಿಯೇ ಮಾರುವ ಈ ಬಗೆಯಲ್ಲಿ ನನಗೆ ತಪ್ಪು ಕಾಣುವುದಿಲ್ಲ. ನೂರು ವರ್ಷದ ಜಿಡ್ಡು ಒರೆಸಲು ಬಾರದ ಹೊಸಬ ತಾನೇ ಉಜ್ಜುಕಾಗದ ಹಿಡಿದು ಉಜ್ಜಿ ಮುದ್ರೆಗಳನ್ನು ಸವೆಸುವುದಕ್ಕಿಂತ, ಬಲ್ಲ ಕೈ ಒರೆಸಿದ್ದನ್ನು ಕೊಳ್ಳುವುದೇ ಮೇಲು. ಅಮೆರಿಕ ಸರ್ಕಾರದ ಆಸರೆಯಲ್ಲಿ ಬೆಳೆದ ಸಿಎಂಪಿ ಸಂಸ್ಥೆಯೂ ಎಂ1 ಗ್ಯಾರಂಡ್ ರೈಫಲ್‌ಗೆ ಹೊಸ ನಳಿಗೆ, ಹೊಸ ವಾಲ್ನಟ್ ಮರ ಹಾಕಿ, ಹಾಕಿದ್ದೇವೆಂದು ಬಾಯಿಬಿಟ್ಟು ಹೇಳಿ ಮಾರುತ್ತದೆ. ಗುರಿ ಹೊಡೆಯಲು ಬೇಕಾದವರಿಗೆ ಅದು ಸರಿಯಾದ ಖರೀದಿ.

ನಮ್ಮ ಈಶಾಪುರ 2ಎಗೆ ಅಮೆರಿಕದ ಗಿಬ್ಸ್ ಎಂಬ ಕಂಪನಿ ಮಾಡಿದ್ದು ಇನ್ನೊಂದು ಬಗೆ. ನಳಿಗೆ ಮೊಟಕು ಮಾಡಿ ‘ಜಂಗಲ್ ಕಾರ್ಬೈನ್’ ಎಂದು ಹೆಸರಿಟ್ಟರು. ಆ ಹೆಸರಿನ ಅಸಲಿ ರೈಫಲ್ ಎರಡನೇ ಮಹಾಯುದ್ಧದ ಕೊನೆಯಲ್ಲಿ ಬಂದ ನಂಬರ್ 5. 2ಎ ರೈಫಲ್ ಯಾವ ಸೈನ್ಯದಲ್ಲೂ ಆ ರೂಪದಲ್ಲಿ ಇರಲಿಲ್ಲ. ಅಮೆರಿಕದ ಕಾನೂನಿನಲ್ಲೂ ಐವತ್ತು ವರ್ಷ ದಾಟಿ ಮೂಲ ರೂಪದಲ್ಲೇ ಉಳಿದ ರೈಫಲ್‌ಗೆ ಸಂಗ್ರಹಯೋಗ್ಯ ವಸ್ತುವೆಂಬ ವಿಶೇಷ ಸ್ಥಾನ ತಾನಾಗಿಯೇ ಸಿಗುತ್ತದೆ. ಕತ್ತರಿಸಿದರೆ ಆ ದಾರಿ ಮುಚ್ಚುತ್ತದೆ. ಕಾಡು ಸುತ್ತಲು ಗಿಡ್ಡ ರೈಫಲ್ ಬೇಕೆಂದವರು ಕೊಳ್ಳಲಿ, ಸಂಗ್ರಹಕ್ಕೆಂದು ಬೇಡ.

ನನಗೆ ಸಿಟ್ಟು ಬರುವುದು ಕೊನೆಯ ಬಗೆಯ ಮೇಲೆ. ಬೇರೆಬೇರೆ ರೈಫಲ್‌ಗಳ ಭಾಗ ಕೂಡಿಸಿ, ಹಳೆಯ ನಂಬರು ಅರೆದು, ಎಲ್ಲಕ್ಕೂ ಒಂದೇ ನಂಬರು ಹೊಸದಾಗಿ ಒತ್ತಿ, ಮಿರುಗುವ ಮೆರುಗು ಕೊಟ್ಟು, ಮರದ ಪೆಟ್ಟಿಗೆಯಲ್ಲಿ ಪ್ರಮಾಣಪತ್ರ ಇಟ್ಟು ಮಾರುತ್ತಾರೆ. ಯುಗೊಸ್ಲಾವಿಯಾದ ಉಗ್ರಾಣಗಳಿಂದ ಬಂದ ಜರ್ಮನ್ ಮೌಸರ್‌ಗಳಿಗೆ ಹೀಗೆ ಆಗಿದೆ. ರಷ್ಯದ ಸರ್ಕಾರಿ ಉಗ್ರಾಣಗಳೂ ಮೊಸಿನ್-ನಾಗಾಂಟ್ ರೈಫಲ್‌ಗಳ ಭಾಗಗಳಿಗೆ ಹೊಸ ನಂಬರು ಹಾಕಿದವು ನಿಜ, ಆದರೆ ಅದು ಸೈನ್ಯದ ದಾಸ್ತಾನಿನ ಲೆಕ್ಕಕ್ಕಾಗಿ. ಕೊಳ್ಳುವವನ ಕಣ್ಣು ಕಟ್ಟಲು ನಂಬರು ಒತ್ತುವುದು ಮೋಸ. ಇದಕ್ಕೆ ದಾರಿ ಮಾಡಿಕೊಟ್ಟವರು ಮಡಿವಂತರೇ ಎಂಬುದನ್ನು ಅವರು ಒಪ್ಪಬೇಕು. ನಂಬರು ಕೂಡಿದ್ದಕ್ಕೆ ಮಾತ್ರ ಬೆಲೆ ಎಂದು ಪಟ್ಟು ಹಿಡಿದವರು ಅವರು. ವ್ಯಾಪಾರಿ ಕೂಡಿಸಿ ಕೊಟ್ಟ. ನಂಬರು ಕೂಡದ, ಕಾರ್ಖಾನೆಯ ದುರಸ್ತಿ ಮುದ್ರೆಯಿರುವ ಪ್ರಾಮಾಣಿಕ ರೈಫಲ್ ಕಡಿಮೆ ಬೆಲೆಗೆ ಮೂಲೆಯಲ್ಲಿ ಉಳಿಯಿತು. ಕೊಳ್ಳಬೇಕಾದದ್ದು ಅದನ್ನೇ.

ಕರ್ನಾಟಕದಲ್ಲಿ ಕೂತು ಇದನ್ನೆಲ್ಲ ಯಾಕೆ ಯೋಚಿಸಬೇಕು ಎನ್ನಬಹುದು. ಇಲ್ಲಿ .303 ಆಗಲಿ, 7.62 ಆಗಲಿ, .410 ಮಸ್ಕೆಟ್ ಆಗಲಿ ನಿಷೇಧಿತ ಬೋರ್. ಸಾಮಾನ್ಯ ಲೈಸೆನ್ಸಿಗೆ ಸಿಗುವುದು ಅದೇ ಈಶಾಪುರದ, ಅದೇ ಲೀ-ಎನ್‌ಫೀಲ್ಡ್ ಮೈಕಟ್ಟಿನ .315. 2019ರ ತಿದ್ದುಪಡಿಯ ನಂತರ ಒಬ್ಬರು ಮೂರರ ಬದಲು ಎರಡೇ ಬಂದೂಕು ಇಟ್ಟುಕೊಳ್ಳಬಹುದು. ನಿಜ, ರೈಫಲ್ ಸಂಗ್ರಹ ಇಲ್ಲಿ ಸಾಧ್ಯವಿಲ್ಲ. ಆದರೆ ಹಳೆಯ ಕೋವಿಗಳು ನಮ್ಮ ಮನೆಗಳಲ್ಲಿವೆ. ಕೊಡಗಿನಲ್ಲಿ ಬ್ರಿಟಿಷರ ಕಾಲದಿಂದ ಬಂದ ಲೈಸೆನ್ಸ್ ವಿನಾಯಿತಿಯನ್ನು ಹೈಕೋರ್ಟು 2021ರಲ್ಲಿ ಎತ್ತಿಹಿಡಿಯಿತು. ಕೈಲ್ ಮುಹೂರ್ತದ ದಿನ ಅಲ್ಲಿ ತಲೆಮಾರುಗಳ ಕೋವಿಗೆ ಪೂಜೆ ನಡೆಯುತ್ತದೆ. ನಮ್ಮ ಬಯಲುಸೀಮೆಯಲ್ಲೂ, ಹೊಸದುರ್ಗದ ಮಾಡದಕೆರೆ ಸುತ್ತಿನ ಹಳ್ಳಿಗಳಂಥ ಕಡೆ, ಹಂದಿ ಕಾಟಕ್ಕೆಂದು ಬೆಳೆರಕ್ಷಣೆಯ ಲೈಸೆನ್ಸು ಪಡೆದ ಅಜ್ಜಂದಿರ ಕೇಪಿನ ಕೋವಿ, ಒಂಟಿನಳಿಗೆಗಳಿವೆ. ಚುನಾವಣೆ ಬಂದಾಗ ಠಾಣೆಗೆ ಹೋಗಿ, ಮುಗಿದ ಮೇಲೆ ಮನೆಗೆ ಬರುತ್ತವೆ. ಅಜ್ಜ ತೀರಿಕೊಂಡ ಮೇಲೆ ಮೊಮ್ಮಕ್ಕಳಿಗೆ ಅದನ್ನು ಗೋಡೆಗೆ ಹಾಕುವ ಆಸೆ. ಆಗ ಕೇಳಿಬರುವ ಸಲಹೆ ಮಡಿವಂತರ ಮಾತಿಗೆ ಪೂರ್ತಿ ಉಲ್ಟಾ: ಪಾಲಿಶ್ ಹೊಡೆಸಿ, ವಾರ್ನಿಷ್ ಬಳಿಸಿ, ಹೊಸದರ ಹಾಗಾಗುತ್ತೆ.

ಈ ಸಲಹೆಯಲ್ಲಿ ಅಪಾಯವಿದೆ. 1959ರ ಆಯುಧ ಕಾಯ್ದೆಯ 45ನೇ ಸೆಕ್ಷನ್ ಹಳೆಯ ಕಾಲದ ಆಯುಧಕ್ಕೆ ವಿನಾಯಿತಿ ಕೊಡುವುದು, ರಿಪೇರಿ ಮಾಡಿದರೂ ಗುಂಡು ಹಾರಿಸಲಾಗದ ಸ್ಥಿತಿಯಲ್ಲಿದ್ದರೆ ಮಾತ್ರ. ಅಜ್ಜನ ಕೋವಿಯನ್ನು ಸರಿಮಾಡಿಸಿ ಕುದುರೆ ಎಳೆದರೆ ಹಾರುವಂತೆ ಮಾಡಿದವರು, ಅದಕ್ಕೆ ಲೈಸೆನ್ಸು ಬೇಕಿತ್ತೆಂದು ತಾವೇ ಸಾಬೀತು ಮಾಡಿದಂತೆ. ಅದೇ ಕಾಯ್ದೆಯ 8ನೇ ಸೆಕ್ಷನ್ ಬಂದೂಕಿನ ಮೇಲಿನ ಹೆಸರು, ನಂಬರು, ಗುರುತು ಅಳಿಸುವುದನ್ನೂ ತಿದ್ದುವುದನ್ನೂ ನಿಷೇಧಿಸುತ್ತದೆ. ಉಜ್ಜುವ ಯಂತ್ರದ ಗಾಲಿಗೆ ಕೊಟ್ಟ ನಳಿಗೆಯ ಮೇಲಿನ ತೆಳು ಅಕ್ಷರ ಎರಡು ನಿಮಿಷದಲ್ಲಿ ಹೋಗುತ್ತದೆ. ಲೈಸೆನ್ಸ್ ಪುಸ್ತಕದಲ್ಲಿರುವ ನಂಬರು ಕಬ್ಬಿಣದ ಮೇಲೆ ಇಲ್ಲವೆಂದಾದರೆ ಉತ್ತರ ಹೇಳಬೇಕಾದವರು ಮನೆಯವರು.

ಆದ್ದರಿಂದ ಕೋವಿ ಲೈಸೆನ್ಸಿನಲ್ಲಿದ್ದರೆ ಒಣ ಬಟ್ಟೆಯಿಂದ ಒರೆಸಿ ತೆಳುವಾಗಿ ಎಣ್ಣೆ ಹಚ್ಚಿದರೆ ಸಾಕು. ಮರ ಸೀಳಿ ತಾಮ್ರದ ತಂತಿ ಸುತ್ತಿದ್ದರೆ ತಂತಿ ಬಿಚ್ಚಿಸಬೇಡಿ. ರಿಪೇರಿ ಮಾಡಿಸಲೇಬೇಕಾದರೆ ಲೈಸೆನ್ಸು ಇರುವ ಬಂದೂಕು ಅಂಗಡಿಗೇ ಒಯ್ಯಿರಿ. ಮೊದಲು ಮುದ್ರೆಗಳ ಫೋಟೋ ತೆಗೆಯಿರಿ. ಬದಲಿಸಿದ ಭಾಗ ಯಾವುದು, ಯಾವ ಇಸವಿಯಲ್ಲಿ, ಯಾರ ಕೈಯಲ್ಲಿ ಎಂದು ಬರೆಸಿಕೊಳ್ಳಿ, ತೆಗೆದ ಹಳೆಯ ಭಾಗವನ್ನು ಕೇಳಿ ವಾಪಸ್ ತನ್ನಿ. ಕೋವಿ ಇಟ್ಟುಕೊಳ್ಳಲು ಮನಸ್ಸಿಲ್ಲದವರು ಠಾಣೆಗೆ ಒಪ್ಪಿಸುವ ಮೊದಲು ಚಿತ್ರದುರ್ಗದ ರಂಗಯ್ಯನ ಬಾಗಿಲಿನ ಸರ್ಕಾರಿ ಮ್ಯೂಸಿಯಂಗೆ ಒಂದು ಅರ್ಜಿ ಬರೆದು ಕೇಳಲಿ. ಮ್ಯೂಸಿಯಂನವರು ತೆಗೆದುಕೊಂಡರೆ ಅದರ ಮೇಲೆ ಕಪ್ಪು ಬಣ್ಣ ಬಳಿಯಬಾರದೆಂದೂ ಆ ಅರ್ಜಿಯಲ್ಲೇ ಬರೆಯಲಿ.