ರಿವರ್ಸ್ ಸೆನ್ಸರಿನ ಕಿವಿ ಮತ್ತು ಶಿವನಿಯ ಅಂಗಳ

ಭಾರತದಲ್ಲಿ 2019ರ ಜುಲೈ 1ರಿಂದ ತಯಾರಾಗುವ ಪ್ರತಿಯೊಂದು ಪ್ರಯಾಣಿಕ ಕಾರಿನಲ್ಲೂ, ಹಿಂದಕ್ಕೆ ಚಲಿಸುವಾಗ ಎದುರಾಗುವ ಅಡೆತಡೆಯನ್ನು ಗುರುತಿಸಿ ಎಚ್ಚರಿಸುವ ವ್ಯವಸ್ಥೆ ಇರಲೇಬೇಕೆಂದು ಎಐಎಸ್-145 ಎಂಬ ವಾಹನೋದ್ಯಮ ಮಾನದಂಡ ವಿಧಿಸಿತು. ಚಾಲಕನ ಏರ್‌ಬ್ಯಾಗ್, ಸೀಟ್ ಬೆಲ್ಟಿನ ನೆನಪು ಮತ್ತು ಅತಿವೇಗದ ಎಚ್ಚರಿಕೆಗಳ ಜೊತೆಗೇ ಕಡ್ಡಾಯವಾದ ಈ ಸಾಧನ, ಅಲ್ಲಿಯವರೆಗೆ ದುಬಾರಿ ಮಾದರಿಗಳ ಹೆಚ್ಚುಗಾರಿಕೆಯಾಗಿದ್ದದ್ದು, ಅಗ್ಗದ ಕಾರುಗಳಿಗೂ ಬಂದು, ಅವುಗಳ ಮೂಲಕ ಅಜ್ಜಂಪುರ ತಾಲ್ಲೂಕಿನ ಶಿವನಿಯಂಥ ಊರುಗಳ ಅಂಗಳ, ಕಣ ಮತ್ತು ತೋಟದ ದಾರಿಗಳನ್ನೂ ತಲುಪಿತು. ಜನ ರಿವರ್ಸ್ ಸೆನ್ಸರ್ ಎಂದು ಕರೆಯುವ ಈ ಉಪಕರಣವನ್ನು ಮಾರಾಟದ ಕರಪತ್ರದ ಮಾತಿನಿಂದ ಅಳೆಯುವುದಕ್ಕಿಂತ, ಅದು ಯಾವ ಬಗೆಯ ಸುತ್ತಮುತ್ತಲನ್ನು ಮನಸ್ಸಿನಲ್ಲಿಟ್ಟುಕೊಂಡು ರೂಪುಗೊಂಡಿತು, ಈಗ ಯಾವ ಬಗೆಯ ಸುತ್ತಮುತ್ತಲಿನಲ್ಲಿ ದುಡಿಯುತ್ತಿದೆ ಎಂದು ಕೇಳಿ ಅಳೆಯುವುದು ಹೆಚ್ಚು ನ್ಯಾಯವಾದುದು.

ಸೆನ್ಸರಿನ ತತ್ತ್ವ ಸರಳವಾದುದು. ಕೆಲವು ಹರಳುಗಳನ್ನು ಒತ್ತಿದಾಗ ವಿದ್ಯುತ್ತು ಹುಟ್ಟುತ್ತದೆಂಬುದನ್ನು 1880ರಲ್ಲಿ ಕ್ಯೂರಿ ಸಹೋದರರು ತೋರಿಸಿದರು. ಅದರ ವಿಲೋಮವೂ ನಿಜವಾದ್ದರಿಂದ, ವಿದ್ಯುತ್ತನ್ನು ಹರಿಸಿ ಅಂಥ ವಸ್ತುವಿನ ಬಿಲ್ಲೆಯನ್ನು ಕಂಪಿಸುವಂತೆ ಮಾಡಬಹುದು. ಮೊದಲ ಮಹಾಯುದ್ಧದ ಕಾಲದಲ್ಲಿ ಭೌತವಿಜ್ಞಾನಿ ಪೌಲ್ ಲಾಂಜೆವಿನ್ ಇದನ್ನೇ ಜಲಾಂತರ್ಗಾಮಿಗಳ ಪತ್ತೆಗೆ ಬಳಸಿದನು, ಮತ್ತು 1982ರಲ್ಲಿ ಟೊಯೊಟಾ ಕಂಪನಿ ತನ್ನ ಕೊರೊನಾ ಕಾರಿನಲ್ಲಿ ಇದೇ ಉಪಾಯವನ್ನು ಹಿಂಬದಿಗೆ ಅಳವಡಿಸಿತು. ಇಂದಿನ ಕಾರಿನ ಹಿಂಬದಿಯ ಬಂಪರಿನಲ್ಲಿ ಕಾಣುವ ಗುಂಡಿಯಂಥ ಬಿಲ್ಲೆಗಳು ಸೆಕೆಂಡಿಗೆ ಸುಮಾರು 40,000 ಅಥವಾ ಅದಕ್ಕಿಂತ ಹೆಚ್ಚು ಬಾರಿ ಕಂಪಿಸಿ, ಮನುಷ್ಯನ ಕಿವಿಗೆ ಕೇಳಿಸದ ಶ್ರವಣಾತೀತ ಶಬ್ದದ ಚಿಕ್ಕ ತುಣುಕುಗಳನ್ನು ಹೊರಡಿಸಿ, ಅವು ಯಾವುದಕ್ಕಾದರೂ ತಾಗಿ ಹಿಂದಿರುಗುವ ಪ್ರತಿಧ್ವನಿಗಾಗಿ ಕಾಯುತ್ತವೆ. ಶಬ್ದ ಸೆಕೆಂಡಿಗೆ ಸುಮಾರು 343 ಮೀಟರ್ ಸಾಗುವುದರಿಂದ, ಒಂದು ಮೀಟರ್ ದೂರದ ಗೋಡೆಗೆ ಹೋಗಿ ಬರಲು ಅದಕ್ಕೆ ಸೆಕೆಂಡಿನ ಸಾವಿರ ಪಾಲಿನಲ್ಲಿ ಸುಮಾರು ಆರು ಪಾಲಿನಷ್ಟು ಹೊತ್ತು ಸಾಕು; ಈ ಹೊತ್ತನ್ನು ದೂರಕ್ಕೆ ಪರಿವರ್ತಿಸಿ, ದೂರ ಕಡಿಮೆಯಾದಂತೆ ಬೀಪ್ ಸದ್ದನ್ನು ಬಿರುಸುಗೊಳಿಸಿ, ಕೊನೆಗೆ ಅದನ್ನು ಎಡೆಬಿಡದ ಕೂಗಾಗಿಸುವುದು ಒಳಗಿನ ಗಣಕದ ಕೆಲಸ. ಬಿಸಿಲಿನ ದಿನ ಶಬ್ದದ ವೇಗ ಹೆಚ್ಚುತ್ತದಾದರೂ, 15 ಡಿಗ್ರಿಯಿಂದ 35 ಡಿಗ್ರಿಗೆ ಏರಿದಾಗ ಒಂದು ಮೀಟರಿನ ಅಳತೆಯಲ್ಲಿ ಆಗುವ ವ್ಯತ್ಯಾಸ ಮೂರು-ನಾಲ್ಕು ಸೆಂಟಿಮೀಟರನ್ನು ಮೀರುವುದಿಲ್ಲವಾದ್ದರಿಂದ ಅದು ದೊಡ್ಡ ದೋಷವಲ್ಲ.

ದೊಡ್ಡ ಪ್ರಶ್ನೆ ಇರುವುದು ವೇಗದಲ್ಲಿ. ಸಾಮಾನ್ಯ ಕಾರಿನ ಸೆನ್ಸರು ಒಂದೂವರೆ ಮೀಟರಿನ ಆಸುಪಾಸಿನಲ್ಲಿ ಕೂಗತೊಡಗುತ್ತದೆ ಎಂದಿಟ್ಟುಕೊಂಡರೆ, ಗಂಟೆಗೆ ಐದು ಕಿಲೋಮೀಟರ್ ವೇಗದಲ್ಲಿ, ಅಂದರೆ ಮನುಷ್ಯ ನಡೆಯುವಷ್ಟು ನಿಧಾನವಾಗಿ ಹಿಂದೆ ಬರುವ ಕಾರು ಕೂಡ ಚಾಲಕ ಸದ್ದು ಕೇಳಿ ಬ್ರೇಕಿನ ಮೇಲೆ ಕಾಲಿಡಲು ತೆಗೆದುಕೊಳ್ಳುವ ಒಂದು ಸೆಕೆಂಡಿನಲ್ಲಿ 1.4 ಮೀಟರ್ ಸಾಗಿಬಿಡುತ್ತದೆ. ಆದ್ದರಿಂದ ಈ ಸಾಧನ ನೆರವಾಗುವುದು ತೆವಳುತ್ತ ಹಿಂದೆ ಬರುವವನಿಗೆ ಮಾತ್ರ. ಅವಸರದವನಿಗೆ ಅದು ಬಡಿತದ ಸುದ್ದಿಯನ್ನು ಬಡಿತಕ್ಕೆ ಕ್ಷಣವೊಂದರ ಮುಂಚೆ ತಿಳಿಸುತ್ತದೆ, ಅಷ್ಟೆ.

ಶಿವನಿಯ ಅಂಗಳವನ್ನು ಈ ಬೆಳಕಿನಲ್ಲಿ ನೋಡಬೇಕು. ನಗರದ ಮಾಲಿನ ನೆಲಮಾಳಿಗೆಯಲ್ಲಿ ಕಾರಿನ ಹಿಂದೆ ಇರುವುದು ಕಾಂಕ್ರೀಟಿನ ಗೋಡೆ, ಕಂಬ ಅಥವಾ ಇನ್ನೊಂದು ಕಾರು, ಎಲ್ಲವೂ ಗಟ್ಟಿಯಾದ, ನೆಟ್ಟಗೆ ನಿಂತ, ಶಬ್ದವನ್ನು ಚೆನ್ನಾಗಿ ಹಿಂದಿರುಗಿಸುವ ವಸ್ತುಗಳು. ಹಳ್ಳಿಯ ಮನೆಯ ಹಿಂದೆಯಾದರೋ ರಾಗಿ ಹುಲ್ಲಿನ ಬಣವೆ, ಗೋಣಿಚೀಲಗಳ ಸಾಲು, ಒಣಗಲು ಹರಡಿದ ಅಡಿಕೆ, ದನ ಕಟ್ಟುವ ಗೂಟ, ಬಚ್ಚಲ ನೀರು ಹರಿಯುವ ಕಾಲುವೆ, ಮಳೆಯಲ್ಲಿ ಕೊರೆದ ಗುಂಡಿ ಇವೆ. ಹುಲ್ಲು ಮತ್ತು ಗೋಣಿಯಂಥ ಮೆದುವಾದ, ಸಂದುಗಳುಳ್ಳ ವಸ್ತುಗಳು ಶಬ್ದದ ಬಹುಭಾಗವನ್ನು ಹೀರಿಕೊಳ್ಳುವುದರಿಂದ ಪ್ರತಿಧ್ವನಿ ಕ್ಷೀಣವಾಗಿ, ಬಣವೆ ಆಗಬೇಕಾದುದಕ್ಕಿಂತ ತಡವಾಗಿ ಪತ್ತೆಯಾಗುತ್ತದೆ. ನೆಲದ ಮೇಲೆ ಹರಡಿದ ಅಡಿಕೆ ಪತ್ತೆಯೇ ಆಗುವುದಿಲ್ಲ, ಏಕೆಂದರೆ ನೆಲದಿಂದ ಬರುವ ಪ್ರತಿಧ್ವನಿಯನ್ನು ಸೆನ್ಸರು ಅಡ್ಡಿಯೆಂದು ತಪ್ಪು ತಿಳಿಯಬಾರದೆಂದು ಅದರ ಕೇಳುವ ಹರಹನ್ನು ಅಗಲದಲ್ಲಿ ಹಿಗ್ಗಿಸಿ ಎತ್ತರದಲ್ಲಿ ಕುಗ್ಗಿಸಲಾಗಿದೆ. ಎಲ್ಲಕ್ಕಿಂತ ಅಪಾಯಕಾರಿಯಾದುದು ಗಿಡ್ಡ ಕಲ್ಲು ಮತ್ತು ಮೋಟು ಗೂಟದ ಸಂಗತಿ: ದೂರದಲ್ಲಿದ್ದಾಗ ಇವು ಶಬ್ದದ ಹರಹಿಗೆ ಸಿಕ್ಕಿ ಬೀಪ್ ಕೇಳಿಸುತ್ತವೆ, ಕಾರು ಹತ್ತಿರವಾದಂತೆ ಹರಹಿನ ಕೆಳಗೆ ಜಾರಿ ಸದ್ದು ನಿಲ್ಲುತ್ತದೆ, ಮತ್ತು ಸದ್ದು ನಿಂತದ್ದನ್ನು ದಾರಿ ತೆರವಾದುದರ ಗುರುತೆಂದು ಚಾಲಕ ತಿಳಿಯುವುದು ತೀರ ಸಹಜ. ಗುಂಡಿಯಿಂದಲೂ ಕಾಲುವೆಯಿಂದಲೂ ಪ್ರತಿಧ್ವನಿಯೇ ಬರುವುದಿಲ್ಲ. ಇದಕ್ಕೆ ವಿರುದ್ಧವಾಗಿ, ಎತ್ತರಕ್ಕೆ ಬೆಳೆದ ಕಳೆ ಅಥವಾ ಬಿಲ್ಲೆಗೆ ಮೆತ್ತಿದ ಮಳೆಗಾಲದ ಕೆಸರು ಕಾರಣವಿಲ್ಲದೆ ಸದ್ದು ಹೊರಡಿಸಬಹುದು. ಹಲವು ಸಲ ಸುಳ್ಳು ಕೂಗನ್ನು ಕೇಳಿದ ಚಾಲಕ ನಿಜವಾದ ಕೂಗನ್ನೂ ಕಿವಿಗೆ ಹಾಕಿಕೊಳ್ಳದ ಸ್ಥಿತಿಗೆ ಬರುತ್ತಾನೆಂಬುದು ಎಚ್ಚರಿಕೆಯ ಯಂತ್ರಗಳೆಲ್ಲಕ್ಕೂ ಅಂಟಿದ ರೋಗ.

ಈ ಕೊರತೆಗಳು ತಯಾರಿಕೆಯ ಅಜಾಗರೂಕತೆಯಿಂದ ಬಂದವಲ್ಲ, ಪರೀಕ್ಷೆಯ ಸ್ವರೂಪದಲ್ಲೇ ಇವುಗಳ ಬೇರಿದೆ. ಇಂಥ ಸಾಧನಗಳಿಗೆ ಸಂಬಂಧಿಸಿದ ಐಎಸ್‌ಒ 17386 ಎಂಬ ಅಂತರರಾಷ್ಟ್ರೀಯ ಮಾನದಂಡದಲ್ಲಿ ಪರೀಕ್ಷೆಗೆ ನಿಲ್ಲಿಸುವ ವಸ್ತು 75 ಮಿಲಿಮೀಟರ್ ವ್ಯಾಸದ, ಒಂದು ಮೀಟರ್ ಉದ್ದದ ಕೊಳವೆ. ಪ್ರಯೋಗಾಲಯಕ್ಕೆ ಎಲ್ಲರೂ ಒಪ್ಪುವ ಏಕರೂಪದ ಗುರಿ ಬೇಕೆಂಬುದು ಸರಿಯಾದರೂ, ನೆಟ್ಟಗೆ ನಿಂತ ನಯವಾದ ಕೊಳವೆಯನ್ನು ಕಂಡುಹಿಡಿದ ಸೆನ್ಸರು ಮಲಗಿದ ಕರುವನ್ನೂ ಕಂಡುಹಿಡಿಯುತ್ತದೆಂದು ಅದರಿಂದ ಸಿದ್ಧವಾಗುವುದಿಲ್ಲ. ಮಾನದಂಡ ಅಳೆಯುವುದು ಪ್ರತಿಧ್ವನಿಯನ್ನು, ಕೊಳ್ಳುವವನು ಅದರಲ್ಲಿ ಓದಿಕೊಳ್ಳುವುದು ಸುರಕ್ಷತೆಯನ್ನು. ಇವೆರಡರ ನಡುವಿನ ಅಂತರವನ್ನು ಮುಚ್ಚಬೇಕಾದ ಮಾರಾಟಗಾರ ಹೆಚ್ಚಾಗಿ ಅದನ್ನು ಬಳಸಿಕೊಳ್ಳುತ್ತಾನೆ.

ಸೆನ್ಸರಿಗೆ ಮುಂಚೆ ಈ ಕೆಲಸ ಮಾಡುತ್ತಿದ್ದದ್ದು ಮನುಷ್ಯನೇ, ಮತ್ತು ಕಡೂರು, ತರೀಕೆರೆಗಳ ಬಸ್ ನಿಲ್ದಾಣಗಳಲ್ಲಿ ಇಂದಿಗೂ ಅವನೇ. ಬಸ್ಸಿನ ಹಿಂದೆ ನಿಂತು ಸೀಟಿ ಊದುವ ಕಂಡಕ್ಟರಿಗೆ ಗುಂಡಿಯೂ ಕಾಣುತ್ತದೆ, ಓಡಿಬರುತ್ತಿರುವ ಮಗುವೂ ಕಾಣುತ್ತದೆ, ಮಗು ಇನ್ನೆರಡು ಹೆಜ್ಜೆಯಲ್ಲಿ ಎಲ್ಲಿರುತ್ತದೆಂಬ ಅಂದಾಜೂ ಅವನಿಗಿರುತ್ತದೆ. ಈ ಪದ್ಧತಿಯನ್ನು ಹೊಗಳುವಾಗ ಅದರ ಕೆಟ್ಟ ರೂಪವನ್ನು ಮರೆಯಬಾರದು: ಮನೆಯ ಕಾರನ್ನು ಹಿಂದೆ ತೆಗೆಯುವಾಗ ‘ಬರಲಿ, ಬರಲಿ’ ಎನ್ನಲು ಮನೆಯ ಹುಡುಗನನ್ನೇ ಹಿಂದೆ ನಿಲ್ಲಿಸುವ ರೂಢಿ, ಚಾಲಕನಿಗೆ ಕಾಣದ ಜಾಗಕ್ಕೆ ಮಗುವನ್ನು ಕೈಯಾರೆ ಕಳುಹಿಸಿದಂತೆಯೇ ಸರಿ. ಅಂಥಲ್ಲಿ ಸೆನ್ಸರು ಖಂಡಿತವಾಗಿಯೂ ಮೇಲು.

ಸೆನ್ಸರಿನಿಂದ ಮುಂದಿನ ಹೆಜ್ಜೆಗಳ ಬಗ್ಗೆ ಅಮೆರಿಕದ ಅನುಭವ ಉಪಯುಕ್ತವಾದುದು. ಅಲ್ಲಿ 2018ರ ಮೇ ತಿಂಗಳಿಂದ ಹೊಸ ಕಾರುಗಳಿಗೆ ಹಿಂಬದಿಯ ಕ್ಯಾಮೆರಾ ಕಡ್ಡಾಯವಾಯಿತು. ಹೆದ್ದಾರಿ ಸುರಕ್ಷತೆಯ ವಿಮಾ ಸಂಸ್ಥೆ ನಡೆಸಿದ ಅಧ್ಯಯನಗಳಲ್ಲಿ ಕ್ಯಾಮೆರಾ ಒಂದೇ ಇದ್ದ ಕಾರುಗಳು ರಿವರ್ಸ್ ಅಪಘಾತಗಳಿಗೆ ಸಿಲುಕಿದ್ದು ಶೇ. 17ರಷ್ಟು ಕಡಿಮೆ, ಕ್ಯಾಮೆರಾ ಮತ್ತು ಸೆನ್ಸರು ಎರಡೂ ಇದ್ದವು ಶೇ. 42ರಷ್ಟು ಕಡಿಮೆ, ಅವುಗಳ ಜೊತೆಗೆ ತಾನಾಗಿ ಬೀಳುವ ಬ್ರೇಕೂ ಇದ್ದವು ಶೇ. 78ರಷ್ಟು ಕಡಿಮೆ ಎಂದು ಕಂಡುಬಂತು. ಪ್ರಯೋಜನದ ಈ ಏರಿಕೆ ಮೇಲಿನ ವಿಶ್ಲೇಷಣೆಗೆ ಹೊಂದುತ್ತದೆ: ಕ್ಯಾಮೆರಾ ಗುಂಡಿಯನ್ನೂ ಕರುವನ್ನೂ ತೋರಿಸಬಲ್ಲದು, ಸೆನ್ಸರು ಪರದೆಯನ್ನು ನೋಡದ ಚಾಲಕನನ್ನೂ ಎಚ್ಚರಿಸಬಲ್ಲದು, ಬ್ರೇಕು ಆ ಒಂದು ಸೆಕೆಂಡಿನ ವಿಳಂಬವನ್ನು ತಪ್ಪಿಸಬಲ್ಲದು.

ಹೀಗಾಗಿ 2019ರ ನಿಯಮವನ್ನು ಸರಿಯಾದ, ಆದರೆ ಅರ್ಧಕ್ಕೆ ನಿಂತ ನಿಯಮವೆಂದು ಪರಿಗಣಿಸಬೇಕಾಗುತ್ತದೆ. ಕ್ಯಾಮೆರಾವನ್ನು ಅಗ್ಗದ ಮಾದರಿಗಳಿಗೂ ಕಡ್ಡಾಯಗೊಳಿಸುವುದು ಸರ್ಕಾರದ ಪಾಲಿನ ಕೆಲಸವಾದರೆ, ಸೆನ್ಸರಿಗೆ ಏನು ಕೇಳಿಸುವುದಿಲ್ಲ ಎಂಬುದನ್ನು ಕನ್ನಡದಲ್ಲಿ, ಕೈಪಿಡಿಯ ಮೊದಲ ಪುಟಗಳಲ್ಲಿ ಮುದ್ರಿಸುವುದು ಕಂಪನಿಗಳ ಪಾಲಿನದು. ಡ್ರೈವಿಂಗ್ ಶಾಲೆಗಳಾದರೂ ಅಲ್ಲಿಯವರೆಗೆ ಕಾಯಬೇಕಾಗಿಲ್ಲ. ಕಲಿಯುವವನ ಕಾರಿನ ಹಿಂದೆ ಒಂದು ಗಿಡ್ಡ ಕಲ್ಲನ್ನಿಟ್ಟು, ಬೀಪ್ ಸದ್ದು ಎಲ್ಲಿ ಹುಟ್ಟಿ ಎಲ್ಲಿ ಸಾಯುತ್ತದೆಂದು ಅವನಿಗೆ ಕೇಳಿಸುವ ಪಾಠವನ್ನು ಅವು ಈಗಲೇ ಆರಂಭಿಸಬೇಕು.