ಸ್ಟರ್ಲಿಂಗ್ ಮಾಸನಿಗೆ ದಕ್ಕದ ಪಟ್ಟ

1958ನೆಯ ಇಸವಿಯ ಮೋಟಾರು ಪಂದ್ಯಗಳ ವಿಶ್ವಚಾಂಪಿಯನ್ ಪಟ್ಟದ ವೃತ್ತಾಂತವನ್ನು ಹೇಳುವವರು ಬಹುಮಟ್ಟಿಗೆ ಅದನ್ನು ಸ್ಟರ್ಲಿಂಗ್ ಮಾಸನ ತ್ಯಾಗದ ಕಥೆಯನ್ನಾಗಿಯೇ ಹೇಳುತ್ತ ಬಂದಿದ್ದಾರೆ. ಪೋರ್ಚುಗಲ್ಲಿನ ಪೋರ್ತೊ ನಗರದ ಬೀದಿಗಳಲ್ಲಿ ನಡೆದ ಪಂದ್ಯದ ಕೊನೆಯಲ್ಲಿ, ಜಾರಿ ನಿಂತ ಕಾರನ್ನು ಓಟಕ್ಕೆ ವಿರುದ್ಧ ದಿಕ್ಕಿನಲ್ಲಿ ನಡೆಸಿದನೆಂಬ ಕಾರಣಕ್ಕೆ ಮೈಕ್ ಹಾಥಾರ್ನನನ್ನು ಅನರ್ಹನೆಂದು ಸಾರಿದಾಗ, ಪಟ್ಟಕ್ಕಾಗಿ ಆತನೊಡನೆಯೇ ಸೆಣಸುತ್ತಿದ್ದ ಮಾಸನು ಅಧಿಕಾರಿಗಳ ಮುಂದೆ ನಿಂತು, ಕಾರು ಚಲಿಸಿದ್ದು ಓಟದ ಹಾದಿಯಲ್ಲಲ್ಲ, ಪಕ್ಕದ ಕಾಲುದಾರಿಯಲ್ಲಿ ಎಂದು ಸಾಕ್ಷಿ ನುಡಿದನು. ಹಾಥಾರ್ನನ ದ್ವಿತೀಯ ಸ್ಥಾನ ಉಳಿಯಿತು. ಮಾಸನ ಸೌಜನ್ಯ ನಿರ್ವಿವಾದವಾದುದೇ. ಆದರೆ ಕಂಡದ್ದನ್ನು ಕಂಡಂತೆ ಹೇಳಿದ್ದಕ್ಕೆ ತ್ಯಾಗವೆಂಬ ಬಿರುದನ್ನು ಕಟ್ಟುವುದು ಆತನಿಗೂ ಮುಜುಗರವನ್ನೇ ಉಂಟುಮಾಡುವ ಹೊಗಳಿಕೆಯೆಂದು ನನಗೆ ತೋರುತ್ತದೆ.

ಗಣಿತವನ್ನು ನೋಡೋಣ. ಗೆದ್ದವನಿಗೆ 8, ಎರಡನೆಯವನಿಗೆ 6, ಅತಿವೇಗದ ಸುತ್ತಿಗೆ 1 ಅಂಕ. ಉತ್ತಮವಾದ ಆರು ಫಲಗಳು ಮಾತ್ರ ಲೆಕ್ಕಕ್ಕೆ. ಮಾಸನು ಗೆದ್ದದ್ದು ನಾಲ್ಕು ಪಂದ್ಯ, ಹಾಥಾರ್ನನು ಒಂದೇ ಒಂದು. ಆದರೂ ಐದು ದ್ವಿತೀಯ ಸ್ಥಾನಗಳ ಬಲದಿಂದ ಹಾಥಾರ್ನನಿಗೆ 42, ಮಾಸನಿಗೆ 41. ಪೋರ್ತೊದ 7 ಅಂಕಗಳು ಹೋಗಿದ್ದರೆ ಅರ್ಜೆಂಟೀನಾದ 4 ಆ ಜಾಗಕ್ಕೆ ಬಂದು, ಹಾಥಾರ್ನನು 39ಕ್ಕೆ ನಿಲ್ಲುತ್ತಿದ್ದನು. ವಿಜಯಕ್ಕೂ ಅದರ ಹಿಂದಣ ಸ್ಥಾನಕ್ಕೂ ಎರಡೇ ಅಂಕಗಳ ಅಂತರವನ್ನಿಟ್ಟ ಈ ವಿಧಾನವು ಸಾಹಸಕ್ಕಿಂತ ಸಾತತ್ಯವನ್ನು ಹೆಚ್ಚಾಗಿ ಮನ್ನಿಸಿತೆಂಬ ಆಕ್ಷೇಪಣೆಯಲ್ಲಿ ಹುರುಳಿದೆ. ಆದರೆ ಹತ್ತರಲ್ಲಿ ಐದು ಪಂದ್ಯಗಳನ್ನು ಮಾಸನು ಮುಗಿಸಲೇ ಇಲ್ಲ. ಬೆಲ್ಜಿಯಮ್ಮಿನಲ್ಲಿ ಮೊದಲ ಸುತ್ತಿನಲ್ಲಿಯೇ ಗೇರು ತಪ್ಪಿಸಿ ಎಂಜಿನ್ನನ್ನು ಕೆಡಿಸಿದವನು ತಾನೇ. ನಿಯಮವನ್ನು ದೂರುವವರು ಇದನ್ನು ಮರೆಯುವುದು ನ್ಯಾಯವಲ್ಲ.

ಸಾಕ್ಷ್ಯಕ್ಕಿಂತ ಹೆಚ್ಚು ಗಮನಕ್ಕೆ ಅರ್ಹವಾದದ್ದು ಪೋರ್ತೊ ಪಂದ್ಯದ್ದೇ ಒಂದು ಫಲಕ. ಹಾಥಾರ್ನನು ಅತಿವೇಗದ ಸುತ್ತನ್ನು ದಾಖಲಿಸಿದನೆಂದು ಮಾಸನ ವ್ಯಾನ್‌ವಾಲ್ ತಂಡದವರು ಇಂಗ್ಲಿಷಿನ ಮೊಟಕು ಅಕ್ಷರಗಳಲ್ಲಿ ಬರೆದು ಹಿಡಿದರು. ಓಡುವ ಕಾರಿನಿಂದ ಮಾಸನು ಕೊನೆಯ 'ಸಿ'ಯನ್ನು 'ಜಿ' ಎಂದು ಓದಿ, ಎದುರಾಳಿಯು ಎಂದಿನ ಗತಿಯಲ್ಲಿಯೇ ಇದ್ದಾನೆಂದು ತಿಳಿದು, ನಿಶ್ಚಿಂತೆಯಿಂದ ಮುನ್ನಡೆದನು. ಆ ಒಂದು ಅಂಕವನ್ನು ಕಸಿದುಕೊಂಡಿದ್ದರೆ ಕೊನೆಯ ಲೆಕ್ಕ ತಿರುವುಮುರುವಾಗಿ, 42 ಮಾಸನ ಪಾಲಿಗೆ, 41 ಹಾಥಾರ್ನನ ಪಾಲಿಗೆ ಬರುತ್ತಿತ್ತು. ಅಷ್ಟೊಂದು ಮುಂದಿದ್ದವನಿಗೆ ಆ ವೇಗ ಅಸಾಧ್ಯವಾಗಿತ್ತೆಂದು ನಾನು ನಂಬಲಾರೆ.

ಅಕ್ಟೋಬರ್ 19ರಂದು ಕಾಸಾಬ್ಲಾಂಕಾದಲ್ಲಿ ಮಾಸನು ಮಾಡಬಹುದಾದುದೆಲ್ಲವನ್ನೂ ಮಾಡಿದನು: ಗೆಲುವೂ ಆತನದೇ, ಅತಿವೇಗದ ಸುತ್ತೂ ಆತನದೇ. ಹಾಥಾರ್ನನ ಫೆರಾರಿ ತಂಡದವನೇ ಆದ ಫಿಲ್ ಹಿಲ್ಲನು ದಾರಿ ಬಿಟ್ಟುಕೊಡಲು ಹಾಥಾರ್ನನಿಗೆ ಬೇಕಾಗಿದ್ದ ಎರಡನೆಯ ಸ್ಥಾನವೂ ಒದಗಿತು. ಅದೇ ಪಂದ್ಯದಲ್ಲಿ ಸುಟ್ಟ ಗಾಯಗಳಿಗೆ ಈಡಾಗಿ, ಮಾಸನ ತಂಡದ ಸ್ಟುವರ್ಟ್ ಲೂಯಿಸ್-ಎವಾನ್ಸನು ಕೆಲವು ದಿನಗಳಲ್ಲಿ ತೀರಿಕೊಂಡನು. ಆ ವರ್ಷ ಮೊದಲಾದ ನಿರ್ಮಾಪಕರ ಪಟ್ಟವು ವ್ಯಾನ್‌ವಾಲ್ ಸಂಸ್ಥೆಗೆ ಸಂದಿತು; ತನ್ನ ನಾಲ್ಕು ಗೆಲುವುಗಳಲ್ಲಿ ಮೂರನ್ನು ಅದಕ್ಕೆ ತಂದುಕೊಟ್ಟ ಮಾಸನು, ಪಟ್ಟಿಯಲ್ಲಿ ಸತತ ನಾಲ್ಕನೆಯ ವರ್ಷವೂ ಎರಡನೆಯವನಾಗಿಯೇ ಉಳಿದನು.